ನರಿಗೆ ಯಾವ ತೋಟಾ? ಗಂಗಾಪುರದ ಹೊಲದಂಚಿನ ಒಂದು ಪ್ರಶ್ನೆ



ಮಹಾರಾಷ್ಟ್ರದಲ್ಲಿ ಗಂಗಾಪುರ ಎಂದರೆ 'ಯಾವ ಗಂಗಾಪುರ?' ಎಂದು ಮರಳಿ ಕೇಳಬೇಕಾಗುತ್ತದೆ. ಒಂದು ನಾಸಿಕದ ಪಕ್ಕದ್ದು, ಗೋದಾವರಿಗೆ ಕಟ್ಟಿದ ಅಣೆಕಟ್ಟಿನಿಂದ ಹೆಸರಾದದ್ದು. ಇನ್ನೊಂದು ಛತ್ರಪತಿ ಸಂಭಾಜಿನಗರ ಜಿಲ್ಲೆಯ ತಾಲೂಕು ಕೇಂದ್ರ. 2023ಕ್ಕೆ ಮೊದಲು ಈ ಜಿಲ್ಲೆಯ ಹೆಸರು ಔರಂಗಾಬಾದ್ ಎಂದಿತ್ತು. ಎರಡೂ ಗೋದಾವರಿ ಸೀಮೆಯ ಊರುಗಳೇ. ಒಂದು ಕಡೆ ದ್ರಾಕ್ಷಿ ತೋಟ, ಇನ್ನೊಂದು ಕಡೆ ಕಬ್ಬು, ಹತ್ತಿ, ಮೆಕ್ಕೆಜೋಳ. ಇಂಥ ಹೊಲಗಳ ಅಂಚಿನಲ್ಲಿ ರಾತ್ರಿ ಹೊತ್ತು ಊಳಿಡುವುದು ನರಿ. ಮರಾಠಿಯಲ್ಲಿ ಅದೇ ಕೋಲ್ಹಾ.

'ಕೈಗೆಟುಕದ ದ್ರಾಕ್ಷಿ ಹುಳಿ' ಎಂದು ಕಥೆಯ ನರಿ ಹೊರಟುಹೋಯಿತು. ನಿಜವಾದ ನರಿ ಹಾಗೆ ಹೋಗುವುದಿಲ್ಲ. ಕೆಳಗೆ ಜೋತುಬಿದ್ದ ಹಣ್ಣು ತಿನ್ನುತ್ತದೆ, ಕಬ್ಬು ಜಗಿಯುತ್ತದೆ, ಬಾಗಿಲು ಭದ್ರವಿಲ್ಲದ ಗೂಡಿನಿಂದ ಕೋಳಿ ಒಯ್ಯುತ್ತದೆ, ಒಮ್ಮೊಮ್ಮೆ ಮೇಕೆಮರಿಗೂ ಬಾಯಿ ಹಾಕುತ್ತದೆ. ಆಗ ಯಾರೋ ಒಬ್ಬರು, 'ಒಂದು ಪಾಯಿಂಟ್ ಟೂಟೂ ಇದ್ದರೆ ಸಾಕು ನೋಡಿ' ಎನ್ನುತ್ತಾರೆ. ನಿಜವಾಗಿ ಸಾಕೇ? ಈ ಸಲ ಅದನ್ನೇ ನೋಡೋಣ.

ಪುಟ್ಟ ತೋಟಾದ ಒಳಗುಟ್ಟು

ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದವರಿಗೆ ಪಾಯಿಂಟ್ 22 ರೈಫಲ್ ಹಳೆಯ ಪರಿಚಯ. ಇಲ್ಲಿ 22 ಎಂದರೆ ಒಂದು ಅಂಗುಲದ ನೂರನೇ 22 ಭಾಗ, ಸುಮಾರು ಐದೂವರೆ ಮಿಲಿಮೀಟರ್ ದಪ್ಪ. ಈ ಜಾತಿಯ ತೋಟಾಕ್ಕೆ ರಿಮ್‌ಫೈರ್ ಎಂದು ಹೆಸರು. ದೊಡ್ಡ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಮದ್ದು ಬುಡದ ನಡುವೆ ಒಂದು ಪುಟ್ಟ ಬಟ್ಟಲಲ್ಲಿ ಇರುತ್ತದೆ. ರಿಮ್‌ಫೈರ್‌ನಲ್ಲಿ ಅದು ಬುಡದ ಅಂಚಿನ ಟೊಳ್ಳಿನೊಳಗೆ ಇರುತ್ತದೆ. ಬಂದೂಕಿನ ಮೊಳೆ ಆ ಅಂಚನ್ನು ಕುಟ್ಟಿದಾಗ ಕಿಡಿ ಹತ್ತುತ್ತದೆ. ಅಂಚು ಜಜ್ಜಬೇಕಾದರೆ ಹಿತ್ತಾಳೆಯ ಕೊಳವೆ ತೆಳುವಾಗಿರಬೇಕು. ಕೊಳವೆ ತೆಳುವಾಗಿದ್ದರೆ ಹೆಚ್ಚಿನ ಒತ್ತಡ ತಡೆಯಲಾರದು. ಅದಕ್ಕೇ ಈ ತೋಟಾ ಅಗ್ಗ, ಸದ್ದು ಕಡಿಮೆ, ಭುಜಕ್ಕೆ ಪೆಟ್ಟಿಲ್ಲ. ಅದರ ಜತೆಗೆ ಶಕ್ತಿಯೂ ಕಡಿಮೆ.

ಅಮೆರಿಕದವರ ಲೆಕ್ಕ

ನಮ್ಮ ನರಿಗೆ ಅಮೆರಿಕದಲ್ಲೊಂದು ದೂರದ ನೆಂಟ ಇದೆ, ಕಯೋಟಿ. ನರಿಯ ತೂಕ ಸಾಮಾನ್ಯವಾಗಿ 8ರಿಂದ 11 ಕಿಲೋ. ಕಯೋಟಿ ಅದಕ್ಕಿಂತ ದೊಡ್ಡದು, 20 ಕಿಲೋ ಮುಟ್ಟುವುದೂ ಉಂಟು. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಅದರ ಬೇಟೆಗೆ ಕಾನೂನಿನ ಅನುಮತಿ ಇದೆ. ಆದ್ದರಿಂದ ಯಾವ ರಿಮ್‌ಫೈರ್ ಒಳ್ಳೆಯದೆಂಬ ಚರ್ಚೆ ಅಲ್ಲಿ ಮುಗಿಯುವುದೇ ಇಲ್ಲ.

ಅವರ ಮುಂದಿರುವ ಮುಖ್ಯ ಆಯ್ಕೆಗಳು ಮೂರು. 1887ರಲ್ಲಿ ಬಂದ 22 ಲಾಂಗ್ ರೈಫಲ್‌ನದು ಎರಡೂವರೆ ಗ್ರಾಂಗಿಂತ ತುಸು ಹೆಚ್ಚು ತೂಕದ ಗುಂಡು. ಅದರ ವೇಗ ಸೆಕೆಂಡಿಗೆ ಸುಮಾರು 370 ಮೀಟರ್, ಶಕ್ತಿ ಸುಮಾರು 180 ಜೂಲ್. 1959ರ 22 ಮ್ಯಾಗ್ನಮ್‌ನಲ್ಲಿ ಗುಂಡಿನ ತೂಕ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಶಕ್ತಿ ಎರಡು ಪಟ್ಟು ಮೀರುತ್ತದೆ. 2002ರ 17 ಎಚ್‌ಎಂಆರ್‌ನ ಗುಂಡು ಒಂದು ಗ್ರಾಂಗಿಂತ ಸ್ವಲ್ಪವೇ ಹೆಚ್ಚು ತೂಗುತ್ತದೆ. ಆದರೆ ಸೆಕೆಂಡಿಗೆ 770 ಮೀಟರ್ ವೇಗದಲ್ಲಿ ನೆಟ್ಟಗೆ ಹೋಗುತ್ತದೆ.

ಅನುಭವಸ್ಥ ಬೇಟೆಗಾರರು ಹೇಳುವುದು ಇಷ್ಟು. ಲಾಂಗ್ ರೈಫಲ್ ಮೊಲ, ಅಳಿಲಿಗೆ ಸರಿ; ಕಯೋಟಿಗೆ ಸಾಲದು. 17ರ ಹಗುರ ಗುಂಡು ದಪ್ಪ ಮಾಂಸ, ಮೂಳೆಗೆ ತಾಗಿದರೆ ಆಳಕ್ಕಿಳಿಯುವ ಮೊದಲೇ ಚೂರಾಗಬಹುದು. ಮೂರರಲ್ಲಿ ಮ್ಯಾಗ್ನಮ್ ವಾಸಿ. ಅದೂ ನೂರು ಗಜದೊಳಗೆ, ಗುರಿ ಕರಾರುವಾಕ್ಕಾಗಿದ್ದರೆ ಮಾತ್ರ. ದೂರ ಹೆಚ್ಚಿದರೆ ರಿಮ್‌ಫೈರ್ ಬಿಟ್ಟು ದೊಡ್ಡ ತೋಟಾಕ್ಕೆ ಹೋಗಬೇಕು. ಕಾರಣ ಸರಳ. ಶಕ್ತಿ ಸಾಲದ ಗುಂಡು ಪ್ರಾಣಿಯನ್ನು ಕೊಲ್ಲುವುದಿಲ್ಲ, ಗಾಯ ಮಾಡಿ ಬಿಡುತ್ತದೆ. ಅದು ಪೊದೆಯೊಳಗೆ ನುಗ್ಗಿ ದಿನಗಟ್ಟಲೆ ನರಳಿ ಸಾಯುತ್ತದೆ.

ಇನ್ನೊಂದು ಮಾತು. 'ಪುಟ್ಟ ತೋಟಾ, ಅಪಾಯವಿಲ್ಲ' ಎಂಬುದು ತಪ್ಪು ನಂಬಿಕೆ. ಲಾಂಗ್ ರೈಫಲ್ ಪೆಟ್ಟಿಗೆಗಳ ಮೇಲೆಯೇ ಒಂದೂವರೆ ಮೈಲಿಯವರೆಗೆ ಅಪಾಯ ಎಂಬ ಎಚ್ಚರಿಕೆ ಅಚ್ಚಾಗಿರುತ್ತದೆ. ಗಟ್ಟಿ ಕಲ್ಲಿಗೋ ನೀರಿಗೋ ಬಡಿದರೆ ಸೀಸದ ಗುಂಡು ಪುಟಿದು ದಿಕ್ಕು ಬದಲಿಸುತ್ತದೆ. ಕಪ್ಪುಕಲ್ಲಿನ ನೆಲ, ಅಣೆಕಟ್ಟಿನ ಹಿನ್ನೀರು, ರಾತ್ರಿ ಕರೆಂಟು ಬಂದಾಗ ಪಂಪ್ ಹಾಕಲು ಹೊಲಕ್ಕೆ ಬರುವ ರೈತ, ಕಬ್ಬಿನ ಗದ್ದೆಯ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡ ಕಟಾವಿನ ಕೂಲಿಗಳು: ಗೋದಾವರಿ ಸೀಮೆಯಲ್ಲಿ ಕತ್ತಲೊಳಗೆ ಹಾರಿಸಿದ ಗುಂಡು ಎಲ್ಲಿ ನಿಲ್ಲುತ್ತದೆ ಎಂದು ಯಾರು ಹೇಳಬಲ್ಲರು?

ನಮ್ಮ ಕಾನೂನು ಏನೆನ್ನುತ್ತದೆ?

ನಮ್ಮಲ್ಲಂತೂ ತೋಟಾ ಆರಿಸುವ ಮಾತೇ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಅದರಂತೆ ನರಿ ಈಗ ಒಂದನೇ ಅನುಸೂಚಿಯಲ್ಲಿದೆ. ಹುಲಿ, ತೋಳಗಳೂ ಅದೇ ಪಟ್ಟಿಯಲ್ಲಿವೆ. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ, ಜತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕಾಯ್ದೆಯ ಪ್ರಕಾರ ಬೇಟೆ ಎಂದರೆ ಗುಂಡು ಹಾರಿಸುವುದಷ್ಟೇ ಅಲ್ಲ. ಉರುಳು ಹಾಕುವುದು, ವಿಷ ಇಡುವುದು, ಗಾಯಗೊಳಿಸುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. 'ಲೈಸೆನ್ಸ್ ಬೇಡದ ಏರ್‌ಗನ್ ತಾನೇ' ಎಂಬ ಸಬೂಬೂ ನಡೆಯದು. ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಿದ್ದರೆ, ಅಥವಾ ಅದು ವಾಸಿಯಾಗದ ರೋಗಕ್ಕೆ ತುತ್ತಾಗಿದ್ದರೆ ಮಾತ್ರ ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಅನುಮತಿ ಕೊಡಬಹುದು.

ಬಂದೂಕಿನ ಕಾನೂನನ್ನೂ ನೋಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಬೆಳೆ ರಕ್ಷಣೆಗೆಂದು ಹೇಳಿರುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದೇ ಸೆಕ್ಷನ್‌ನ ಮೂಲ ಪಾಠದಲ್ಲಿ ಪಾಯಿಂಟ್ 22 ರೈಫಲ್‌ನ ಹೆಸರು ಬರುವುದು ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕೆ. ನಮ್ಮ ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ ಎಂಬುದು ನಿಮಗೆ ಗೊತ್ತು. ಆ ವಿನಾಯಿತಿ ಕೋವಿಗೆ ಮಾತ್ರ, ಬೇಟೆಗಲ್ಲ.

ಹಾಗಾದರೆ ಈ ಪುಟ್ಟ ತೋಟಾಕ್ಕೆ ನಮ್ಮಲ್ಲಿ ಬೆಲೆಯೇ ಇಲ್ಲವೇ? ಖಂಡಿತ ಇದೆ, ಶೂಟಿಂಗ್ ರೇಂಜಿನಲ್ಲಿ. 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 50 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದದ್ದು ಇದೇ 22ರಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್‌ನಲ್ಲಿ ಕಂಚು ತಂದದ್ದೂ ಇದರಲ್ಲೇ. ಅವರು ಎಳೆಯ ವಯಸ್ಸಿನಲ್ಲಿ ಅಭ್ಯಾಸ ಮಾಡಿದ್ದು ನಾಸಿಕದಲ್ಲಿ.

ಮತ್ತೆ ಕೋಳಿ, ಮೇಕೆಯ ಗತಿ?

ಒಂದು ನರಿ ಕೊಂದರೆ ತಂಟೆ ತೀರುವುದಿಲ್ಲ. ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಅಮೆರಿಕದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಕಯೋಟಿಗಳನ್ನು ಕೊಂದರೂ ಅದರ ನೆಲೆ ಕುಗ್ಗಲಿಲ್ಲ, ಖಂಡದ ಉದ್ದಗಲಕ್ಕೂ ಹಬ್ಬಿತು. ಮೇಲಾಗಿ ನರಿ ಹೊಲದ ಇಲಿ, ಹೆಗ್ಗಣ ತಿನ್ನುತ್ತದೆ, ಸತ್ತ ದನದ ಮಾಂಸ ತಿಂದು ನೆಲ ಸ್ವಚ್ಛ ಮಾಡುತ್ತದೆ. ಅದನ್ನು ಇಲ್ಲವಾಗಿಸಿದರೆ ಇಲಿಗಳ ಲೆಕ್ಕ ರೈತನ ತಲೆಗೇ ಬರುತ್ತದೆ.

ಮಾಡಬೇಕಾದ್ದು ಇಷ್ಟು. ಕೋಳಿಗೂಡಿಗೆ ಗಟ್ಟಿ ಜಾಲರಿ ಹಾಕಿಸಿ. ನರಿ ನೆಲ ಕೆರೆದು ನುಸುಳುತ್ತದೆ; ಜಾಲರಿ ಒಂದಡಿ ಮಣ್ಣಿನೊಳಗೆ ಇಳಿದಿರಲಿ. ಕತ್ತಲಾಗುವ ಮುನ್ನ ಮರಿಗಳನ್ನು ಕೊಟ್ಟಿಗೆಗೆ ಸೇರಿಸಿ. ಸತ್ತ ಕೋಳಿ, ಅಡುಗೆಮನೆಯ ಕಸ ಬಯಲಲ್ಲಿ ಎಸೆಯಬೇಡಿ. ಮಹಾರಾಷ್ಟ್ರದ ಧನಗರರು, ನಮ್ಮ ಕುರುಬರು ತಲೆತಲಾಂತರದಿಂದ ದೊಡ್ಡಿ ಮತ್ತು ನಾಯಿಯನ್ನು ನಂಬಿ ಬಂದವರು. ಆ ಪಾಠ ಇಂದಿಗೂ ಸಲ್ಲುತ್ತದೆ. ಬೇಲಿಗೆ ಮನೆಯ ಕರೆಂಟು ಮಾತ್ರ ಯಾವತ್ತೂ ಕೊಡಬೇಡಿ. ಅದು ಮೊದಲು ಕೊಲ್ಲುವುದು ಮನುಷ್ಯರನ್ನೇ.

ನರಿ ಜಾನುವಾರು ಕೊಂದರೆ ಕಳೇಬರ ಅಲ್ಲೇ ಇರಲಿ, ಅದೇ ದಿನ ಅರಣ್ಯ ಇಲಾಖೆಗೆ ತಿಳಿಸಿ. ಮಹಾರಾಷ್ಟ್ರದಲ್ಲಿ ಸಹಾಯವಾಣಿ 1926. ಪಂಚನಾಮೆ ಆದರೆ ಮಾತ್ರ ಪರಿಹಾರಕ್ಕೆ ಹಾದಿ.

ಊರಲ್ಲೇ ಇರುವ ನೀವೂ ಇದನ್ನು ನೆನಪಿಡಿ. ಮುಂಬೈಯ ಕಾಂಡ್ಲಾ ಕಾಡಿನಲ್ಲೂ ನರಿಗಳಿವೆ. 2024ರಲ್ಲಿ ಅಲ್ಲಿ ಸತ್ತ ನರಿಗಳಲ್ಲಿ ರೇಬೀಸ್ ಪತ್ತೆಯಾಯಿತು. ಮಂಕಾಗಿ ತೂರಾಡುವ ಅಥವಾ ಹೆದರದೆ ಮೈಮೇಲೆ ಬರುವ ನರಿಯ ಹತ್ತಿರ ಹೋಗಬೇಡಿ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಬೆಳಗೆದ್ದು ನರಿ ಮುಖ ನೋಡಿದರೆ ಅದೃಷ್ಟ ಎನ್ನುವವರು ನಾವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯೂ ನಮ್ಮದೇ. ಗಂಗಾಪುರದಲ್ಲಿ ನಿಮ್ಮ ನೆಂಟರೋ ಸ್ನೇಹಿತರೋ 'ಯಾವ ತೋಟಾ ತರಲಿ?' ಎಂದು ಕೇಳಿದರೆ, ಜಾಲರಿ ತರಲು ಹೇಳಿ.