ಕಳ್ಳಿಪೀರದ ಗುಟ್ಟಿನ ಬಾಗಿಲು

ಬಯಲುಸೀಮೆಯಲ್ಲಿ ತಂತಿಯ ಮೇಲೆ ಕುಳಿತ ಕಳ್ಳಿಪೀರವನ್ನು ಕಾಣದವರು ವಿರಳ. ಕಂಡೂ ಅದರ ಹೆಸರನ್ನರಿಯದವರು ಬಹಳ. ತೂಕದಲ್ಲಿ ಗುಬ್ಬಿಗಿಂತಲೂ ಹಗುರವಾದ ಈ ಹಕ್ಕಿಗೆ ಎಳೆಯ ಬಾಳೆಯೆಲೆಯಂಥ ಹಸುರು ಮೈ, ತಾಮ್ರದ ಹೊಳಪಿನ ನೆತ್ತಿ, ಕಾಡಿಗೆ ತೀಡಿದಂಥ ಕಣ್ಣು. ಬಾಲದ ನಡುವಿನಿಂದ ಸೂಜಿಯಂಥ ಎರಡು ಗರಿಗಳು ಹೊರಚಾಚಿರುತ್ತವೆ. ಕುಳಿತಲ್ಲಿಂದ ಚಿಮ್ಮಿ, ಹಾರುವ ಹುಳುವನ್ನು ಗಾಳಿಯಲ್ಲಿಯೇ ಹಿಡಿದು, ಮರಳಿ ಬಂದು ಕೂರುವುದು ಇದರ ಕ್ರಮ.

ಜೇನುನೊಣ, ಕಣಜಗಳೆಂದರೆ ಇದಕ್ಕೆ ಬಲು ಮೆಚ್ಚು. ಆದರೆ ಕೊಂಡಿಯುಳ್ಳ ಕೀಟವನ್ನು ಹಾಗೆಯೇ ನುಂಗುವ ಅವಿವೇಕ ಇದಕ್ಕಿಲ್ಲ. ಕೊಂಬೆಗೆ ಬಡಿದು ಕೊಂದು, ಹಿಂಬದಿಯನ್ನು ತೊಗಟೆಗೆ ಉಜ್ಜಿ ವಿಷವನ್ನು ಕಳೆದ ಮೇಲೆಯೇ ಊಟ.

ಇಂಥ ಜಾಣ ಹಕ್ಕಿ ಸಂಸಾರ ಹೂಡುವುದು ಮಾತ್ರ ಮಣ್ಣಿನೊಳಗೆ! ಹೊಳೆಯ ದಂಡೆಯಲ್ಲಿಯೋ ರಸ್ತೆಬದಿಯ ದಿಬ್ಬದಲ್ಲಿಯೋ ಗಂಡುಹೆಣ್ಣುಗಳೆರಡೂ ಕೊಕ್ಕಿನಿಂದ ಅಗೆದು, ಕಾಲಿನಿಂದ ಮಣ್ಣನ್ನು ಹಿಂದಕ್ಕೆ ಒದ್ದು, ಉದ್ದನೆಯ ಸುರಂಗವನ್ನು ತೋಡುತ್ತವೆ. ಕೊನೆಯ ಕೋಣೆಯಲ್ಲಿ ಹುಲ್ಲಿಲ್ಲ, ಹತ್ತಿಯಿಲ್ಲ. ಬರಿಯ ನೆಲದ ಮೇಲೆ ನಾಲ್ಕೈದು ಬಿಳಿಯ ಮೊಟ್ಟೆಗಳು. ಮನೆಗೆ ಒಂದೇ ಬಾಗಿಲು. ಅದು ವೈರಿಯ ಕಣ್ಣಿಗೆ ಬಿತ್ತೆಂದರೆ ಮರಿಗಳಿಗೆ ಉಳಿವಿಲ್ಲ.

ಆದುದರಿಂದ ಯಾರಾದರೂ ಹತ್ತಿರವಿದ್ದರೆ ತಾಯಿತಂದೆಗಳು ಗೂಡನ್ನು ಹೊಗಲು ಹಿಂಜರಿಯುತ್ತವೆ. ಮಿಲಿಂದ್ ವಾಟವೆ ಮತ್ತು ಅವರ ಸಂಗಡಿಗರು ಈ ಹಿಂಜರಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಗೂಡಿನಿಂದ ಸುಮಾರು ಒಂದೇ ದೂರದಲ್ಲಿ ಎರಡು ಜಾಗಗಳು: ಒಂದರಲ್ಲಿ ನಿಂತವನಿಗೆ ಗೂಡು ಕಾಣುತ್ತದೆ, ಇನ್ನೊಂದರಲ್ಲಿ ಏನೋ ಅಡ್ಡವಾಗಿ ಕಾಣದು. ಗೂಡು ಕಾಣುವಲ್ಲಿ ಮನುಷ್ಯ ನಿಂತಾಗ ಹಕ್ಕಿಗಳು ಒಳಹೊಕ್ಕದ್ದು ಕಡಿಮೆ. ಕಾಣದ ಕಡೆ ನಿಂತಾಗ ಹೆಚ್ಚು. ಎಂದರೆ, ಎದುರಿಗಿರುವವನ ಕಣ್ಣಿಗೆ ಏನು ಬೀಳುತ್ತದೆ, ಏನು ಬೀಳದು ಎಂಬುದನ್ನು ಈ ಪುಟ್ಟ ಜೀವ ಎಣಿಸಬಲ್ಲದು! 2002ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ವಾನರಗಳಲ್ಲಿಯೂ ಇಂಥ ಶಕ್ತಿಯುಂಟೇ ಎಂದು ಪಂಡಿತರು ವಾದಿಸುತ್ತಿದ್ದ ಕಾಲವದು.

ಇಂದು ಗೂಡಿಗೆ ನೇರವಾಗಿ ಕ್ಯಾಮರಾ ಹೂಡಿ ಗಂಟೆಗಟ್ಟಲೆ ಕಾಯುವ ಹವ್ಯಾಸಿಗಳು ಬಹಳ. ಹಕ್ಕಿಯೂ ಕಾಯುತ್ತದೆ, ಕೊಕ್ಕಿನಲ್ಲಿ ತುಂಬಿಯನ್ನು ಕಚ್ಚಿಕೊಂಡು, ತಂತಿಯ ಮೇಲೆ. ಸುರಂಗದ ಕತ್ತಲೆಯಲ್ಲಿ ಮರಿಗಳು ಹಸಿದಿರುತ್ತವೆ. ಛಾಯಾಗ್ರಾಹಕ ನಾಲ್ಕು ಹೆಜ್ಜೆ ಸರಿದು ಬಾಗಿಲು ಕಾಣದೆಡೆ ನಿಂತರೆ, ತಂತಿಯ ಮೇಲಿನ ಹಕ್ಕಿಯ ಚಿತ್ರವೂ ದೊರೆತೀತು, ಮರಿಗಳ ಊಟವೂ ನಡೆದೀತು.