ಎರಡು ಫ್ಲಾಶ್‌ಗಳ ಹೊಂದಾಣಿಕೆ

ಕ್ಯಾಮರಾದಲ್ಲಿಯೇ ಅಡಕವಾಗಿರುವ ಚಿಕ್ಕ ಫ್ಲಾಶ್ ಮಸೂರಕ್ಕೆ ತೀರ ಸಮೀಪದಲ್ಲಿರುತ್ತದೆ. ಅದರ ಬೆಳಕು ಮುಖದ ಮೇಲೆ ನೇರವಾಗಿ ಬೀಳುವುದರಿಂದ ಮೂಗು, ಕೆನ್ನೆ, ಹಣೆಗಳ ಏರಿಳಿತ ಅಳಿಸಿಹೋಗಿ ಚಿತ್ರ ಚಪ್ಪಟೆಯಾಗುತ್ತದೆ. ಕಣ್ಣಿನ ಅಕ್ಷಿಪಟಲದಿಂದ ಮರಳಿದ ಬೆಳಕು ಮಸೂರವನ್ನೇ ಸೇರಿ ಪಾಪೆ ಕೆಂಪಗೆ ಕಾಣುವುದೂ ಇದೇ ಕಾರಣದಿಂದ. ಮತ್ತೊಂದು ಫ್ಲಾಶನ್ನು ಕ್ಯಾಮರಾದಿಂದ ದೂರ, ಒಂದು ಪಕ್ಕಕ್ಕೆ, ಮುಖಕ್ಕಿಂತ ತುಸು ಎತ್ತರದಲ್ಲಿ ಇರಿಸಿದರೆ ಆ ಏರಿಳಿತಗಳು ಮತ್ತೆ ಮೂಡುತ್ತವೆ. ಇದಕ್ಕೆ ದುಬಾರಿ ಸಲಕರಣೆಯೇ ಬೇಕೆಂದಿಲ್ಲ. ಫಿಲ್ಮ್ ಕಾಲದ ಹಳೆಯ ಫ್ಲಾಶ್ ಕಪಾಟಿನಲ್ಲಿದ್ದರೆ ಅದೂ ಸಾಕು.

ಆದರೆ ಅಂತಹ ಫ್ಲಾಶನ್ನು ಡಿಜಿಟಲ್ ಕ್ಯಾಮರಾದ ನೆತ್ತಿಗೆ ನೇರವಾಗಿ ಜೋಡಿಸುವುದು ಅಪಾಯಕರ. ಹಳೆಯ ಕೆಲವು ಫ್ಲಾಶ್‌ಗಳ ಸಂಪರ್ಕಬಿಂದುವಿನಲ್ಲಿ 200 ವೋಲ್ಟ್‌ಗೂ ಮೀರಿದ ವಿದ್ಯುತ್ತಿದ್ದು, ಅದು ಕ್ಯಾಮರಾದ ಎಲೆಕ್ಟ್ರಾನಿಕ್ ಭಾಗಗಳನ್ನು ಕೆಡಿಸಬಲ್ಲದು. ‘ಸ್ಲೇವ್’ ಎಂಬ ಪುಟ್ಟ ಬೆಳಕಿನ ಕಣ್ಣನ್ನು ಫ್ಲಾಶ್‌ನ ಬುಡಕ್ಕೆ ಸಿಕ್ಕಿಸಿದರೆ ಕ್ಯಾಮರಾದೊಡನೆ ತಂತಿಯ ಸಂಬಂಧವೇ ಇರುವುದಿಲ್ಲ. ಕ್ಯಾಮರಾದ ಫ್ಲಾಶ್ ಮಿಂಚಿದೊಡನೆ ಈ ಕಣ್ಣು ಅದನ್ನು ಗ್ರಹಿಸಿ ದೂರದ ಫ್ಲಾಶನ್ನೂ ಮಿಂಚಿಸುತ್ತದೆ.

ಬಹುಮಂದಿ ಎಡವುವುದು ಇಲ್ಲಿಯೇ. ದೂರದ ಫ್ಲಾಶ್ ಮಿಂಚಿದ್ದು ಎಲ್ಲರಿಗೂ ಕಾಣುತ್ತದೆ, ಚಿತ್ರದಲ್ಲಿ ಮಾತ್ರ ಅದರ ಬೆಳಕಿರುವುದಿಲ್ಲ. ಸ್ವಯಂಚಾಲಿತ ವಿಧಾನದಲ್ಲಿ ಕ್ಯಾಮರಾದ ಫ್ಲಾಶ್ ಬೆಳಕನ್ನು ಅಳೆಯುವುದಕ್ಕಾಗಿ ಮೊದಲೊಮ್ಮೆ ಕ್ಷಣಮಾತ್ರ ಮಿನುಗಿ, ಅನಂತರ ಚಿತ್ರಕ್ಕಾಗಿ ಮತ್ತೊಮ್ಮೆ ಮಿಂಚುತ್ತದೆ. ನಡುವಿನ ಅಂತರ ಬರಿಗಣ್ಣಿಗೆ ತಿಳಿಯದಷ್ಟು ಕಿರಿದು. ಸರಳ ಸ್ಲೇವ್ ಮೊದಲ ಮಿನುಗಿಗೇ ಓಗೊಟ್ಟು ತನ್ನ ಶಕ್ತಿಯನ್ನು ವ್ಯಯಿಸಿಬಿಡುತ್ತದೆ. ಕ್ಯಾಮರಾದ ಫ್ಲಾಶನ್ನು ‘ಮ್ಯಾನ್ಯುಯಲ್’ ವಿಧಾನಕ್ಕೆ ತಿರುಗಿಸಿ, ಕೆಂಗಣ್ಣು ನಿವಾರಕವನ್ನು ಆರಿಸಿದರೆ ಈ ತೊಡಕು ನೀಗುತ್ತದೆ. ಮೊದಲ ಮಿನುಗನ್ನು ಕಡೆಗಣಿಸುವ ಸ್ಲೇವ್‌ಗಳೂ ದೊರೆಯುತ್ತವೆ.

ಇನ್ನು ಪ್ರಮಾಣದ ಮಾತು. ಪಕ್ಕದ ಫ್ಲಾಶ್ ಪ್ರಧಾನ, ಕ್ಯಾಮರಾದ್ದು ನೆರಳನ್ನು ತಿಳಿಯಾಗಿಸುವ ಸಹಾಯಕ ಮಾತ್ರ. ಎರಡೂ ಸಮಬಲವಾದರೆ ಚಿತ್ರ ಪುನಃ ಚಪ್ಪಟೆಯಾದೀತು. ಫ್ಲಾಶ್‌ನ ಗೈಡ್ ನಂಬರನ್ನು ಮೀಟರುಗಳಲ್ಲಿನ ದೂರದಿಂದ ಭಾಗಿಸಿದರೆ ಸೂಕ್ತವಾದ ಎಫ್ ಸಂಖ್ಯೆ ದೊರೆಯುತ್ತದೆ. ಐಎಸ್ಒ 100ರಲ್ಲಿ ಗೈಡ್ ನಂಬರ್ 28 ಇರುವ ಫ್ಲಾಶ್ ಮುಖದಿಂದ ಎರಡೂವರೆ ಮೀಟರ್ ದೂರದಲ್ಲಿದ್ದರೆ ಎಫ್ 11 ಬೇಕು. ಅದರ ಶಕ್ತಿಯನ್ನು ಅರ್ಧಕ್ಕಿಳಿಸಿದರೆ ಎಫ್ 8. ಗೈಡ್ ನಂಬರ್ 12 ಇರುವ ಕ್ಯಾಮರಾ ಫ್ಲಾಶ್ 3 ಮೀಟರ್ ದೂರದಿಂದ ಎಫ್ 4ಕ್ಕೆ ಸಾಲುವಷ್ಟೇ ಬೆಳಕು ನೀಡುತ್ತದೆ. ಕ್ಯಾಮರಾವನ್ನು ಎಫ್ 8ಕ್ಕೆ ಇರಿಸಿದಾಗ ಸಹಾಯಕ ಬೆಳಕು ಪ್ರಧಾನ ಬೆಳಕಿನ ನಾಲ್ಕನೆಯ ಒಂದು ಪಾಲಾಗುತ್ತದೆ. ವಯಸ್ಸಾದವರ ಮುಖದ ಸುಕ್ಕುಗಳನ್ನು ಅಳಿಸದೆ, ಉತ್ಪ್ರೇಕ್ಷಿಸದೆ ತೋರಿಸಲು ಈ ಪ್ರಮಾಣ ಒಪ್ಪುತ್ತದೆ. ಷಟರ್ ವೇಗ ಕ್ಯಾಮರಾಕ್ಕೆ ನಿಗದಿಯಾದ ಮಿತಿಯನ್ನು, ಅಂದರೆ ಸಾಮಾನ್ಯವಾಗಿ ಸೆಕೆಂಡಿನ 200ನೆಯ ಒಂದು ಭಾಗದ ಆಸುಪಾಸನ್ನು, ಮೀರಬಾರದು.

ಕೆಟ್ಟ ಫ್ಲಾಶನ್ನು ಮನೆಯಲ್ಲಿ ಬಿಚ್ಚಿ ನೋಡುವ ಕುತೂಹಲ ಸಲ್ಲದು. ಬ್ಯಾಟರಿ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು.

ಸ್ಲೇವ್‌ನ ಕಣ್ಣಿಗೂ ಮಿತಿಗಳುಂಟು. ಪ್ರಖರ ಬಿಸಿಲಿನಲ್ಲಿ ಅದು ಚಿಕ್ಕ ಫ್ಲಾಶನ್ನು ಗುರುತಿಸದೆ ಹೋಗಬಹುದು. ಮದುವೆಯ ಮಂಟಪದಲ್ಲಿ ಅತಿಥಿಗಳು ಮಿಂಚಿಸುವ ಪ್ರತಿಯೊಂದು ಫ್ಲಾಶಿಗೂ ಅದು ಓಗೊಡುವುದರಿಂದ, ಮಾಂಗಲ್ಯಧಾರಣೆಯ ಕ್ಷಣಕ್ಕೆ ಪಕ್ಕದ ಫ್ಲಾಶ್ ಬರಿದಾಗಿರುವ ಸಂಭವವೂ ಇದೆ. ಅಂತಹ ಕಡೆ ರೇಡಿಯೋ ಟ್ರಿಗರ್ ಬಳಸುವುದೇ ಲೇಸು.