ನಾಯಿಮರಿಗೆ ಪಾಠ: ಕೋಲಿಗಿಂತ ತುತ್ತೇ ಮೇಲು

ಆಸೆಪಟ್ಟು ಮನೆಗೆ ತಂದ ನಾಯಿಮರಿ ಆರು ತಿಂಗಳು ಕಳೆಯುವಷ್ಟರಲ್ಲಿ ಬೇಡವಾಗುವುದುಂಟು. ಚಪ್ಪಲಿ ಕಡಿಯುತ್ತದೆ, ಹಾಸಿಗೆ ಒದ್ದೆ ಮಾಡುತ್ತದೆ, ರಾತ್ರಿಯೆಲ್ಲ ಬೊಗಳುತ್ತದೆ, ಪಕ್ಕದ ಮನೆಯವರು ದೂರುತ್ತಾರೆ. ಕೊನೆಗೊಂದು ದಿನ ಅದನ್ನು ಊರಾಚೆ ಬಿಟ್ಟು ಬರುವವರೂ ಇದ್ದಾರೆ. ಹಸಿವು, ನೀರಡಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಅಪರಾಧ. ಹಾಗೆ ನೋಡಿದರೆ ಮೇಲಿನ ದೂರುಗಳಲ್ಲಿ ಹೆಚ್ಚಿನವು ಕಲಿಸಿದರೆ ಸರಿಹೋಗುವಂಥವು. ಹೇಗೆ ಕಲಿಸಬೇಕೆಂಬುದೇ ಪ್ರಶ್ನೆ.

ಹೊಡೆತ ಏನು ಕಲಿಸುತ್ತದೆ?

ಯಾವ ಕೆಲಸದಿಂದ ಹಿತವಾದ ಫಲ ಸಿಗುವುದೋ ಅದನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಕಂಡುಕೊಂಡ ಈ ನಿಯಮವೇ ಬಹುಮಾನ ಆಧಾರಿತ ತರಬೇತಿಯ ತಳಹದಿ. ಅಮೆರಿಕದ ಪಶುವೈದ್ಯಕೀಯ ವರ್ತನಾ ವಿಜ್ಞಾನ ಸಂಘವು 2021ರಲ್ಲಿ ಪ್ರಕಟಿಸಿದ ನಿಲುವಿನಲ್ಲಿ ನಾಯಿಗಳ ಎಲ್ಲ ಬಗೆಯ ತರಬೇತಿಗೂ ಇದೇ ವಿಧಾನವನ್ನು ಶಿಫಾರಸು ಮಾಡಿದೆ.

ಮಧ್ಯಾಹ್ನ ಮನೆಯೊಳಗೆ ಮೂತ್ರ ಮಾಡಿದ ಮರಿಗೆ ಸಂಜೆ ಬಂದು ಹೊಡೆದರೆ, ಏಟಿಗೂ ಮಧ್ಯಾಹ್ನದ ಕೃತ್ಯಕ್ಕೂ ಇರುವ ಸಂಬಂಧ ಅದಕ್ಕೆ ತಿಳಿಯದು. ಯಜಮಾನ ಬಾಗಿಲು ತೆರೆದರೆ ಅಪಾಯ ಎಂಬುದಷ್ಟೇ ತಿಳಿಯುತ್ತದೆ. 'ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿ' ಎನ್ನುವವರಿದ್ದಾರೆ. ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಿಯ ಆ 'ತಪ್ಪಿತಸ್ಥ ಮುಖ' ಯಜಮಾನನ ಗದರಿಕೆಗೆ ತಕ್ಕಂತೆ ಕಾಣಿಸಿಕೊಂಡಿತೇ ಹೊರತು, ನಾಯಿ ನಿಜಕ್ಕೂ ತಪ್ಪು ಮಾಡಿತ್ತೇ ಎಂಬುದನ್ನು ಅವಲಂಬಿಸಿರಲಿಲ್ಲ.

ಗುರುಗುಟ್ಟಿದ್ದಕ್ಕೆ ಹೊಡೆಯುವುದಂತೂ ಅಪಾಯಕಾರಿ. ಗುರುಗುಟ್ಟುವಿಕೆ 'ನನಗೆ ಭಯವಾಗಿದೆ, ದೂರ ಸರಿ' ಎಂಬ ಮುನ್ನೆಚ್ಚರಿಕೆ. ಏಟಿಗೆ ಹೆದರಿ ಎಚ್ಚರಿಕೆ ಕೊಡುವುದನ್ನು ನಿಲ್ಲಿಸಿದ ನಾಯಿ ಸದ್ದಿಲ್ಲದೆ ಕಚ್ಚಬಹುದು. ಮಕ್ಕಳಿರುವ ಮನೆಗಳಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು.

ಆರಂಭ ಹೇಗೆ?

ಮೊದಲ ಪಾಠ ಕೂರುವುದು. ಕಡಲೆಕಾಳಿನಷ್ಟು ತಿಂಡಿಯನ್ನು ಮರಿಯ ಮೂಗಿನ ಬಳಿ ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ, ಹಿಂದಕ್ಕೆ ಒಯ್ಯಬೇಕು. ತಲೆ ಮೇಲೆತ್ತುತ್ತಿದ್ದಂತೆ ಹಿಂಭಾಗ ತಾನಾಗಿ ನೆಲ ಮುಟ್ಟುತ್ತದೆ. ಆ ಕ್ಷಣವೇ 'ಭೇಷ್' ಎಂದು ತಿಂಡಿ ಕೊಡಬೇಕು. ಒಂದೆರಡು ಸೆಕೆಂಡು ತಡವಾದರೂ ಬಹುಮಾನ ಯಾವುದಕ್ಕೆಂದು ಮರಿಗೆ ಗೊಂದಲವಾಗುತ್ತದೆ. ಹೀಗೆ ಹಲವು ಸಲ ಸರಿಯಾಗಿ ಕುಳಿತ ಬಳಿಕ 'ಕೂತ್ಕೋ' ಎಂಬ ಮಾತು ಸೇರಿಸಿದರೆ ಸಾಕು.

ಬೇಯಿಸಿದ ಕೋಳಿಯ ಚೂರು, ಮೊಟ್ಟೆಯ ತುಣುಕು, ಸಸ್ಯಾಹಾರಿಗಳ ಮನೆಯಲ್ಲಾದರೆ ಪನೀರ್ ಅಥವಾ ಗಜ್ಜರಿಯ ಚೂರು ಆದೀತು. ತಿಂಡಿ ಕೊಟ್ಟಷ್ಟು ಊಟ ಕಡಿಮೆ ಮಾಡಬೇಕು. ಚಾಕೊಲೇಟ್, ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ. ಪಾಠ ಒಂದು ಬಾರಿಗೆ ಐದು ನಿಮಿಷ ಮೀರದಿರಲಿ. ದಿನಕ್ಕೆ ಮೂರು ಬಾರಿ ಸಾಕು. ಪಾಠ ಗಟ್ಟಿಯಾದ ನಂತರ ಪ್ರತಿ ಸಲವೂ ತಿಂಡಿ ಬೇಕಿಲ್ಲ. ಮೈದಡವುವುದು, ಆಟವಾಡಿಸುವುದು ಕೂಡ ಬಹುಮಾನವೇ.

ಸೌಮ್ಯ ವಿಧಾನವೆಂದರೆ ಎಲ್ಲಕ್ಕೂ ಬಿಟ್ಟುಕೊಡುವುದು ಎಂದಲ್ಲ. ಮರಿ ಮೈಮೇಲೆ ಜಿಗಿದರೆ ಮಾತನಾಡದೆ ಬೆನ್ನು ತಿರುಗಿಸಿ, ನಾಲ್ಕೂ ಕಾಲು ನೆಲಕ್ಕಿಟ್ಟಾಗ ಮಾತನಾಡಿಸಬೇಕು. ಚಪ್ಪಲಿ ಕಡಿಯುತ್ತಿದ್ದರೆ ಚಪ್ಪಲಿಯನ್ನು ಎತ್ತಿಟ್ಟು ಕಡಿಯಲು ಯೋಗ್ಯವಾದ ಆಟಿಕೆ ಕೊಡಬೇಕು. ನಾಲ್ಕರಿಂದ ಆರು ತಿಂಗಳವರೆಗೆ ಹಲ್ಲು ಬದಲಾಗುವುದರಿಂದ ಕಡಿಯುವುದು ಅದಕ್ಕೆ ಅನಿವಾರ್ಯ.

ದಿನಚರಿಯೇ ಅರ್ಧ ತರಬೇತಿ

ಊಟ, ತಿರುಗಾಟ, ನಿದ್ರೆಗಳಿಗೆ ಹೊತ್ತು ಗೊತ್ತಿದ್ದರೆ ನಾಯಿಯ ಕಳವಳ ಕಡಿಮೆಯಾಗುತ್ತದೆ. ಎಳೆಯ ಮರಿಯನ್ನು ಎದ್ದ ಕೂಡಲೇ, ಉಂಡ ಬಳಿಕ, ಆಟದ ನಂತರ ಒಂದೇ ನಿಗದಿತ ಜಾಗಕ್ಕೆ ಒಯ್ಯಬೇಕು; ಹಗಲಿನಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಹೀಗೆ ಮಾಡುವುದು ಒಳ್ಳೆಯದು. ಅಲ್ಲಿ ಮೂತ್ರ ಮಾಡಿದೊಡನೆ ಅಲ್ಲಿಯೇ ತಿಂಡಿ ಕೊಡಬೇಕು, ಮನೆಗೆ ಮರಳಿದ ಮೇಲಲ್ಲ.

ಮೂರರಿಂದ ಹದಿನಾಲ್ಕು ವಾರಗಳವರೆಗಿನ ಅವಧಿ ಮರಿಯು ಜಗತ್ತಿಗೆ ಹೊಂದಿಕೊಳ್ಳುವ ಕಾಲ. ಲಸಿಕೆಗಳು ಪೂರ್ಣಗೊಳ್ಳುವ ಮೊದಲು ಬೀದಿಯಲ್ಲಿ ನಡೆಸದಿದ್ದರೂ, ಎತ್ತಿಕೊಂಡು ಹೋಗಿ ಆಟೊ, ಲಿಫ್ಟು, ಅಪರಿಚಿತರನ್ನು ಪರಿಚಯಿಸಬಹುದು. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳಿಗೆ ಹಾಕಿಸಿ, ನಂತರ ಪಶುವೈದ್ಯರು ಹೇಳಿದಂತೆ ಮರುಡೋಸ್ ಕೊಡಿಸಬೇಕು.

ತಿರುಗಾಟ ಬಿಸಿಲೇರುವ ಮುನ್ನ ಇರಲಿ. ಡಾಂಬರಿನ ಮೇಲೆ ಕೈಯ ಹಿಂಭಾಗವನ್ನು ಐದು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ದಾರಿಯಲ್ಲಿ ಮೂಸಲು ಬಿಡಬೇಕು. ಮೂಸುವುದು ಅದರ ಬುದ್ಧಿಗೆ ಕೆಲಸ. ಓಟಕ್ಕೆಂದೇ ಬೆಳೆಸಿದ ಮುಧೋಳ ತಳಿಯ ನಾಯಿಯನ್ನು ದಿನವಿಡೀ ಕಟ್ಟಿಹಾಕಿ ಶಾಂತವಾಗಿರೆಂದರೆ ಆಗದ ಮಾತು. ಒಂಟಿಯಾಗಿರುವುದನ್ನೂ ಕ್ರಮೇಣ ಕಲಿಸಬೇಕು: ಮೊದಲು ಒಂದು ನಿಮಿಷ, ಆಮೇಲೆ ಐದು, ಬಳಿಕ ಅರ್ಧ ಗಂಟೆ.

ಅಜ್ಜಿ 'ಕೂತ್ಕೋ' ಎಂದು, ಮೊಮ್ಮಗ 'ಸಿಟ್' ಎಂದು ಹೇಳಿದರೆ ಮರಿ ಕಂಗಾಲಾಗುತ್ತದೆ. ಮನೆಮಂದಿಯೆಲ್ಲ ಒಂದೇ ಪದ, ಒಂದೇ ನಿಯಮ ಪಾಲಿಸಬೇಕು. ಚೆನ್ನಾಗಿ ಕಲಿತ ನಾಯಿ ಇದ್ದಕ್ಕಿದ್ದಂತೆ ಮನೆಯೊಳಗೆ ಮೂತ್ರ ಮಾಡತೊಡಗಿದರೆ ಅಥವಾ ಮುಟ್ಟಿದರೆ ಸಿಡುಕಿದರೆ, ಅದಕ್ಕೆ ಸೋಂಕೋ ನೋವೋ ಇರಬಹುದು. ಆಗ ಬೇಕಿರುವುದು ಪಶುವೈದ್ಯರು.

ನಾಯಿಯ ಆಯುಷ್ಯ ಸಾಮಾನ್ಯವಾಗಿ 10ರಿಂದ 15 ವರ್ಷ. ಮೊದಲ ಕೆಲವು ತಿಂಗಳು ಪಾಠಕ್ಕೆ ದಿನಕ್ಕೆ ಹದಿನೈದು ನಿಮಿಷ, ತಿರುಗಾಟಕ್ಕೆ ಬೆಳಿಗ್ಗೆ ಸಂಜೆ ಒಂದಿಷ್ಟು ಹೊತ್ತು ಮೀಸಲಿಡಲು ಸಾಧ್ಯವೇ ಎಂಬುದನ್ನು ಮರಿ ತರುವ ಮುನ್ನವೇ ಮನೆಯವರು ಕೂತು ನಿರ್ಧರಿಸುವುದು ಒಳಿತು.